ಕೆರೆಯ ಹಣೆಗೆ ಕುಂಕುಮ

ನನ್ನ ಫೋನಿನ ಬೆನ್ನ ಮೇಲೆ ಒಂದು ಕೆಂಪು ಕಲೆ ಇದೆ. ಫೋನಿಗೂ ಕಣ್ಣಿರುತ್ತದಲ್ಲ, ಫೋಟೋ ತೆಗೆಯುವ ಕಣ್ಣು, ಅದರ ಅಂಚಿನಲ್ಲೇ ಸಾಸಿವೆ ಕಾಳಿನಷ್ಟು ಅಂಟಿಕೊಂಡಿದೆ. ಮೊನ್ನೆ ಮಗಳು ರೂಪ ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿಕೊಂಡು ಅದನ್ನು ಕೆರೆದು ತೆಗೆಯಲು ಬಂದಳು. ನಾನು ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡೆ. "ಕೊಳೆಯನ್ನ ಹಿಂಗೆ ಕಾಪಾಡೋರನ್ನ ನಾ ಎಲ್ಲೂ ನೋಡಿತ್ಲೆ ಅವ್ವ" ಎಂದಳು. ಹೇಳಲಿ. ಕಲೆಗಳೆಲ್ಲ ತೊಳೆಯಬೇಕಾದವೇ ಅಲ್ಲ. ಅದು ಅಲ್ಲಿಗೆ ಹೇಗೆ ಬಂತು ಎಂದು ಹೇಳುತ್ತೇನೆ, ಕೂತುಕೊಳ್ಳಿ. ನಮ್ಮಲ್ಲಿ ಕಾಫಿಪುಡಿಗೆ ಬರವಿಲ್ಲ, ಹಾಲು ಮಾತ್ರ ಎರಡೇ ಪ್ಯಾಕೆಟ್ಟು.

ನಾನು ಅಜ್ಜಿಯಾಗಿ ಎರಡು ತಿಂಗಳು ಕಳೆಯಿತು. ಇದನ್ನು ನಾನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತೇನೆ. ಗೋಣಿಕೊಪ್ಪಲಿನ ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಎರಡು ವಾರ ಹೇಳಿದೆ. ಮೂರನೇ ವಾರ ಅವಳೇ, "ಹೆಣ್ಣುಮಗು, ತಲೆ ತುಂಬ ಕೂದಲು, ಗೊತ್ತಾಯ್ತು. ಸೊಪ್ಪು ಎಷ್ಟು ಕಟ್ಟು ಕೊಡ್ಲಿ?" ಎಂದಳು.

ನಮ್ಮ ಮನೆಯಿರುವುದು ಪೊನ್ನಂಪೇಟೆಯಲ್ಲಿ. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಬಾಡಿಗೆಯದು. ನಮ್ಮ ಯಜಮಾನರು ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದರು. ನಾನು ಅಲ್ಲೇ ನರ್ಸರಿಯಲ್ಲಿ ಪುಟ್ಟ ಪುಟ್ಟ ಚೀಲಗಳಿಗೆ ಮಣ್ಣು ತುಂಬಿ ಕಾಫಿ ಬೀಜ ಊರುತ್ತಿದ್ದೆ. ಇಬ್ಬರಿಗೂ ಮಂಡಿ ಹಿಡಿದ ಮೇಲೆ ಪೇಟೆಗೆ ಬಂದೆವು. ಮನೆಯಿಂದ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ದಾರಿ ನಡೆದರೆ ಕೆರೆ. ಬೋರ್ಡಿನಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ, ನಾವು ಕೆರೆ ಎನ್ನುತ್ತೇವೆ. ಈಚೆಗೆ ಅದರ ಹೂಳೆತ್ತಿ, ಸುತ್ತ ಕಲ್ಲು ಹಾಸಿ, ಕೂರಲು ಬೆಂಚು ಇಟ್ಟು, ಕಬ್ಬಿಣದ ಬೇಲಿ ಹಾಕಿದ್ದಾರೆ. ಆಚೆ ದಡದಲ್ಲಿ ಒಂದು ಕಾಫಿ ತೋಟದ ಇಳಿಜಾರು. ಅದರ ಸಿಲ್ವರ್ ಮರಗಳು ಬೆಳಿಗ್ಗೆ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ.

ನಿಜ ಹೇಳಬೇಕೆಂದರೆ ಮೊದಲು ನನಗೆ ಈ ಏರ್ಪಾಟು ಅರ್ಥವಾಗುತ್ತಿರಲಿಲ್ಲ. ನಾನು ಹುಟ್ಟಿದ್ದು ಭಾಗಮಂಡಲದ ಕಡೆ. ಅಲ್ಲಿ ನೀರೆಂದರೆ ಕೆಲಸ. ತೋಡಿನಲ್ಲಿ, ಸಣ್ಣ ಹಳ್ಳ ಅದು, ಬಟ್ಟೆ ಒಗೆಯಬೇಕು, ಪಾತ್ರೆ ಬೆಳಗಬೇಕು, ಸಮಯವಿದ್ದರೆ ಕೊಡೆಯ ಮುರಿದ ಕಡ್ಡಿಯಿಂದ ಕಲ್ಲಿನ ಸಂದಿಯ ಏಡಿಯನ್ನು ಎಬ್ಬಿಸಬೇಕು. ಎಸ್ಟೇಟಿಗೆ ಬಂದ ಮೇಲೆ ಕೆರೆಯೆಂದರೆ ಪಂಪು. ಕಾಫಿ ಹೂ ಬಿಡಿಸಲು ನೀರು ಹಾರಿಸುವಾಗ ಕೆರೆ ಎಷ್ಟು ಮೆಟ್ಟಿಲು ಇಳಿಯಿತು ಎಂದು ಲೆಕ್ಕ ಬರೆಯುವ ರೈಟರ್ ನೋಡುತ್ತಿದ್ದರು, ಬೇರೆ ಯಾರೂ ಅದರ ಮುಖ ನೋಡುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ನೀರನ್ನು ಸುಮ್ಮನೆ ನೋಡುವುದು ಎಂಬುದೊಂದು ಉಂಟು ಎಂದು ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಮೊದಲ ದಿನ ಕೂತಾಗ ಕೈಗೆ ಕೆಲಸವಿಲ್ಲದೆ ನಾಚಿಕೆಯಾಗಿ, ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ನೋಡಿದೆ.

ಇನ್ನು ಫೋಟೋ. ನನ್ನ ಫೋಟೋ ಅಂತ ಜೀವಮಾನದಲ್ಲಿ ತೆಗೆಸಿದ್ದು ಮೂರು ಸಲ. ಮದುವೆಯದು, ರೇಷನ್ ಕಾರ್ಡಿನದು, ಓಟಿನ ಕಾರ್ಡಿನದು. ರೇಷನ್ ಕಾರ್ಡಿನಲ್ಲಿ ನನ್ನ ಕಣ್ಣು ಮುಚ್ಚಿದೆ. ಓಟಿನ ಕಾರ್ಡಿನಲ್ಲಿ ತೆರೆದಿದೆ, ಆದರೆ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದೆ. ಇಂಥವಳು ದಿನಾ ಫೋಟೋ ತೆಗೆಯುವವಳಾದದ್ದು ನಮ್ಮ ಅಳಿಯನಿಂದ.

ಅಳಿಯ ಮಿಲಿಟರಿಯಲ್ಲಿದ್ದಾನೆ, ಹಿಮ ಬೀಳುವ ಗಡಿಯಲ್ಲಿ. ಕೂಸು ಹುಟ್ಟಿದಾಗ ರಜೆ ಸಿಗಲಿಲ್ಲ. ಅಲ್ಲಿ ಫೋನಿನ ಸಿಗ್ನಲ್ ವಿಡಿಯೋ ಹೊರುವಷ್ಟು ಗಟ್ಟಿಯಿಲ್ಲವಂತೆ. ಮಾತು ಕೇಳುತ್ತದೆ, ಫೋಟೋ ಹೋಗುತ್ತದೆ. ಸ್ವಾಭಾವಿಕವಾಗಿ ಅವನು ಕೂಸಿನ ಫೋಟೋ ಕೇಳಿದ. ಅಲ್ಲಿ ನಾನು ಅಡ್ಡ ಬಂದೆ.

ನಮ್ಮ ಮನೆತನದಲ್ಲಿ ಬಾಣಂತಿ ಅರವತ್ತು ದಿನ ಒಳಗಿರಬೇಕು. ಅದು ಕಳೆದ ಮೇಲೆ ತಲೆಗೆ ಎರೆದುಕೊಂಡು, ಕೂಸನ್ನು ಕರೆದುಕೊಂಡು ಬಾವಿಗೆ ಹೋಗಿ, ಗಂಗೆಗೆ ಕುಂಕುಮವಿಟ್ಟು ಎಲೆಯಡಿಕೆ ಕೊಟ್ಟು, ತನ್ನ ಕೈಯಾರೆ ಒಂದು ಕೊಡ ನೀರು ತುಂಬಿ ಮನೆಗೆ ತರಬೇಕು. ಆವತ್ತಿನಿಂದ ಅವಳು ಹೊರಗಿನ ಗಾಳಿಗೆ ಸೇರಿದವಳು, ಕೂಸು ಊರಿಗೆ ಸೇರಿದ್ದು. ಅಲ್ಲಿಯವರೆಗೆ ಕೂಸನ್ನು ಹೊರಗಿನವರಿಗೆ ತೋರಿಸಬಾರದು ಎನ್ನುತ್ತಿದ್ದರು ನಮ್ಮ ಅತ್ತೆ. ಅವರ ಕಾಲದಲ್ಲಿ ಫೋನಿರಲಿಲ್ಲ. ಫೋಟೋ ಕೂಡ ಆಗದು ಎನ್ನುವ ಬಾಲವನ್ನು ಆ ನಿಯಮಕ್ಕೆ ಜೋಡಿಸಿದವಳು ನಾನೇ.

"ಹಂಗಾರೆ ಕೂಸಿನ ಅಪ್ಪ ಹೊರಗಿನವ್ನಾ?" ಎಂದು ರೂಪ ಕೇಳಿದಳು.

"ಅವ ಅಲ್ಲ. ಆದ್ರೆ ಫೋಟೋ ಅವನತ್ರನೇ ನಿಲ್ತದಾ? ಬೆಟಾಲಿಯನ್ ಪೂರ್ತಿ ನೋಡ್ತದೆ" ಎಂದೆ.

ಅಳಿಯ ಒಳ್ಳೆಯವನು. "ಸರಿ ಅತ್ತೆ, ಅರವತ್ತು ದಿನ ತಾನೆ. ಹಿಮದಲ್ಲಿ ನಿಂತವ್ನಿಗೆ ಅದೇನು ದೊಡ್ಡದಲ್ಲ. ಆದ್ರೆ ದಿನಾ ಎಂಥಾದ್ರೂ ಒಂದು ಕಳ್ಸಿ. ನಮ್ಮ ಊರು ಕಾಣುವ ಹಂಗೆ" ಎಂದ. ಅವನ ಹಳೆಯ ಫೋನೊಂದು ಮನೆಯಲ್ಲಿತ್ತು, ಅದು ನನ್ನದಾಯಿತು. ಊರೆಂದರೆ ಏನನ್ನು ಕಳಿಸುವುದು? ಬಸ್‌ಸ್ಟ್ಯಾಂಡ್ ಕಳಿಸಲಾಗುತ್ತದೆಯೇ? ಕೆರೆ ಕಳಿಸಿದೆ.

ಫೋನು ಕೈಗೆ ಬಂದ ಮೂರನೆಯ ದಿನಕ್ಕೆ ಕೈಲ್ ಮುಹೂರ್ತ. ಆಯುಧಗಳಿಗೆ ಪೂಜೆ ಮಾಡುವ ಹಬ್ಬ, ನಮ್ಮ ಕೊಡಗಿನಲ್ಲಿ ಅದನ್ನು ಬಿಡುವ ಮನೆಯಿಲ್ಲ. ಯಜಮಾನರು ಕತ್ತಿ, ಗರಗಸ, ಕಾಫಿ ಗಿಡದ ಚಿಗುರು ಕತ್ತರಿಸುವ ಕತ್ತರಿ, ಜೀಪಿಲ್ಲದಿದ್ದರೂ ಅದರ ಹಳೆಯ ಸ್ಪ್ಯಾನರು, ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟರು. ನಾನು ಫೋನನ್ನೂ ಇಟ್ಟೆ. ದಿನಾ ಬಳಸುವ ಸಾಮಾನು ಅದೂ ತಾನೆ. ಗಂಧ ತೇಯ್ದು, ಕುಂಕುಮ ಕಲಸಿ ಒಂದೊಂದಕ್ಕೂ ಬೊಟ್ಟಿಡುತ್ತಾ ಬಂದೆ. ಫೋನಿಗೆ ಎಲ್ಲಿಡುವುದು? ಮುಂದೆ ಇಟ್ಟರೆ ಗಾಜು. ತಿರುಗಿಸಿದೆ. ಬೆನ್ನಿನಲ್ಲಿ ದುಂಡನೆಯ ಕಣ್ಣೊಂದು ಕಂಡಿತು. ಕಣ್ಣಿರುವ ಕಡೆ ಹಣೆಯಿರಬೇಕು ಎಂದು ಅಲ್ಲೇ ಇಟ್ಟು ಕೈಮುಗಿದೆ.

ಮರುದಿನ ಬೆಳಿಗ್ಗೆ ಕೆರೆಗೆ ಹೋಗಿ ಫೋನು ಹಿಡಿದರೆ, ಏನು ಹೇಳಲಿ, ನೀರೆಲ್ಲ ದಾಸವಾಳದ ಬಣ್ಣ. ಮಂಜಿಗೂ ಕೆಂಪು ಹಚ್ಚಿದ ಹಾಗೆ. ಆಚೆ ದಡದ ಮರಗಳು ಕುಂಕುಮದ ಭರಣಿಯೊಳಗಿಂದ ಎದ್ದು ಬಂದ ಹಾಗೆ. ತಲೆಯೆತ್ತಿ ನೋಡಿದರೆ ಬರೀ ಬೂದಿ ಬಣ್ಣದ ನೀರು. ನಾನು ಮಾಡಿದ ತೀರ್ಮಾನವೇನು ಗೊತ್ತೇ? ನನ್ನ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಹಾಗಾದರೆ ಕೆರೆ ನಿಜವಾಗಿ ಇರುವುದು ಹೀಗೇ, ಇಷ್ಟು ವರ್ಷ ನನಗೇ ಸರಿಯಾಗಿ ಕಾಣುತ್ತಿರಲಿಲ್ಲ ಎಂದುಕೊಂಡೆ. ದುಃಖವೂ ಆಯಿತು, ಫೋನಿನ ಮೇಲೆ ಗೌರವವೂ ಬಂತು.

ಹತ್ತು ದಿನ ಕೆಂಪು ಕೆರೆ ಹೋಯಿತು. ಅಳಿಯ "ಬಾರೀ ಲಾಯ್ಕ ಉಟ್ಟು ಅತ್ತೆ" ಎಂದ. ಚೆನ್ನಾಗಿದೆ ಎಂದು ಅರ್ಥ, ನಮ್ಮ ಅರೆಭಾಷೆ ಹಾಗೆ. ನಮ್ಮ ನಾದಿನಿಗೂ ಕಳಿಸಿದೆ, ಅವಳು "ಕನ್ಯಾಕುಮಾರಿಗೆ ಯಾವಾಗ ಹೋದ್ರಿ ಅತ್ತಿಗೆ? ಒಂದು ಮಾತು ಹೇಳ್ಲಿಲ್ಲ" ಎಂದು ಮುನಿಸಿಕೊಂಡಳು.

ಕೊನೆಗೆ ಹನ್ನೊಂದನೆಯ ದಿನ ರೂಪ ಫೋನು ತೆಗೆದುಕೊಂಡು ತಿರುಗಿಸಿ ನೋಡಿದಳು. ಕಿವಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತವಳು ಅವಳು. ಸಿಸೇರಿಯನ್ ಆದ ಮೇಲೆ ಅವಳ ಮುಖ ಬಾಡಿಹೋಗಿತ್ತು. ತಿನ್ನು ಎಂದರೆ ತಿನ್ನುತ್ತಿದ್ದಳು, ಮಲಗು ಎಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು, ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಫೋನಿನ ಬೆನ್ನು ನೋಡಿದವಳು ನನ್ನ ಮುಖ ನೋಡಿದಳು. ಮತ್ತೆ ಫೋನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು.

"ನಗಿಸ್ಬೇಡ ಅವ್ವ, ಹೊಲಿಗೆ ಎಳಿತದೆ. ಕೆರೆ ಹಣೆಗೆ ಕುಂಕುಮ ಇಟ್ಟಿದ್ದೀಯಲ್ಲ."

ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಆಮೇಲೆ ಫೋನಿನ ಕಣ್ಣಿನ ಮೇಲಿದ್ದ ಬೊಟ್ಟನ್ನು ಒರೆಸಿಕೊಟ್ಟಳು. ನನಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಎಷ್ಟು ದಿನವಾಗಿತ್ತು ಅವಳು ನಕ್ಕು. ಇನ್ನೊಂದು ಸಲ ಇಡಲೇ ಎಂದು ಕೇಳುವಷ್ಟು ಖುಷಿಯಾಯಿತು.

ಅಲ್ಲಿಂದ ಕೆರೆಯ ಫೋಟೋ ಅವಳಿಗೂ ಬೇಕಾಯಿತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ "ಇವತ್ತು ಎಂಥ ಉಟ್ಟು?" ಎನ್ನುತ್ತಿದ್ದಳು. ಒಂದು ದಿನ ರೆಕ್ಕೆ ಹರಡಿ ಒಣಗಿಸುತ್ತಿದ್ದ ನೀರುಕಾಗೆ. ಒಂದು ದಿನ ಬರೀ ಮಂಜು, ಅದರೊಳಗೆ ಎಲ್ಲೋ ಬೇಲಿ. ಒಂದು ದಿನ ನನ್ನ ಹೆಬ್ಬೆರಳು, ಅದರ ಹಿಂದೆ ಸ್ವಲ್ಪ ಕೆರೆ. ಅವಳು ಆ ಕತ್ತಲೆ ಕೋಣೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಾ ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದಳು. ಮನಸ್ಸು ಮಾಡಿದ್ದರೆ ಕೂಸಿನ ಫೋಟೋ ಕದ್ದು ಗಂಡನಿಗೆ ಕಳಿಸಬಹುದಿತ್ತು, ನನಗೆ ತಿಳಿಯುತ್ತಲೂ ಇರಲಿಲ್ಲ. ಕಳಿಸಲಿಲ್ಲ.

ಒಂದು ದಿನ ಅವಳೇ ಕೇಳಿದಳು: "ಅವ್ವ, ಅರುವತ್ತು ಆದ್ಮೇಲೆ ನೀರು ತರ್ದು ಎಲ್ಲಿಂದ? ನಲ್ಲಿ ಉಟ್ಟಲಾ, ಅದ್ಕೇ ಪೂಜೆ ಮಾಡ್ರೆ ಆತ್."

ಅದೇ ನನಗೂ ಕೊರೆಯುತ್ತಿತ್ತು. ನಮ್ಮ ಯಜಮಾನರ ಮೂಲಮನೆಯ ಬಾವಿ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಹೊಲಿಗೆ ಹಾಕಿದವಳನ್ನು ಆ ಗುಂಡಿಯ ರಸ್ತೆಯಲ್ಲಿ ಕರೆದುಕೊಂಡು ಹೋಗುವ ಹಾಗಿಲ್ಲ. ಹೋದರೂ ಈಗ ಆ ಬಾವಿಯ ಬಾಯಿಗೆ ಕಾಂಕ್ರೀಟು ಹಾಕಿ ಮೋಟರು ಇಳಿಸಿದ್ದಾರೆ. ಇಲ್ಲಿ ಮೇಲಿನ ಮನೆಯವರು ಸೊಸೆಯನ್ನು ಟೆರೇಸಿಗೆ ಹತ್ತಿಸಿ ಕಪ್ಪು ಟ್ಯಾಂಕಿಗೆ ಬೊಟ್ಟಿಡಿಸಿದರಂತೆ. ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ರೂಪ ಹುಟ್ಟಿದಾಗ ನಾನು ಅದೇ ಮೂಲಮನೆಯ ಬಾವಿಯಿಂದ ನೀರು ಸೇದಿದವಳು. ಸೇದಿದವಳು ಎಂದರೆ, ಸೇದಲು ಹೋಗಿ ಹಿತ್ತಾಳೆಯ ಕೊಡವನ್ನು ಬಾವಿಗೆ ಬಿಟ್ಟವಳು. ಕುಣಿಕೆ ಜಾರಿ ಕೊಡ ಡುಬುಕ್ ಎಂದಿತು. ಸೇರಿದ್ದ ಹೆಂಗಸರ ಮುಂದೆ ಅತ್ತೆ, "ಗಂಗೆಗೆ ಮನಸ್ಸಾಯ್ತು, ಇಟ್ಟುಕೊಂಡಳು ಬಿಡು" ಎಂದು ದೊಡ್ಡ ಮನಸ್ಸು ತೋರಿಸಿದರು. ಅವರೆಲ್ಲ ಹೋದ ಮೇಲೆ, "ಕೈಗೆ ಬೆಣ್ಣೆ ಹಚ್ಚಿಕೊಂಡಿದ್ದೆಯಾ?" ಎಂದು ಕೇಳಿದರು. ಬೇಸಿಗೆಯಲ್ಲಿ ಬಾವಿ ಶುಚಿಮಾಡುವಾಗ ಕೊಡ ಸಿಕ್ಕಿತು, ಪಕ್ಕೆಯಲ್ಲಿ ಒಂದು ತಗ್ಗು. ಆ ತಗ್ಗು ನನ್ನ ಸೊಂಟಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ. ಆವತ್ತು ಬಾವಿಕಟ್ಟೆಗೆ ಬಂದು ಆಕಾಶ ನೋಡಿದ್ದು, ಎರಡು ತಿಂಗಳ ಮೇಲೆ ಮುಖಕ್ಕೆ ಗಾಳಿ ತಗುಲಿದ್ದು ನನಗೆ ಇನ್ನೂ ನೆನಪಿದೆ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಆಕಾಶ ಬರುತ್ತದೆಯೇ?

ಹಾಗಾಗಿ ನನ್ನ ಕಣ್ಣು ಕೆರೆಯ ಮೇಲೆ ಬಿತ್ತು. ಮಗಳು ತನ್ನ ಕೈಯಾರೆ ಅಲ್ಲಿ ಕೊಡ ಮುಳುಗಿಸಬೇಕು, ಕೂಸಿನ ಮೊದಲ ಫೋಟೋ ಅಲ್ಲೇ, ನಾನೇ ತೆಗೆಯಬೇಕು. ತೊಡಕು ಒಂದೇ. ನೀರಿಗೆ ಇಳಿಯುವ ಮೆಟ್ಟಿಲಿಗೆ ಗೇಟು, ಗೇಟಿಗೆ ಬೀಗ, ಅದರ ಮೇಲೆ ಬೋರ್ಡು. ಮೂರನೇ ಕ್ಲಾಸಿನ ಓದು ನನ್ನದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ: ನೀರಿಗೆ ಇಳಿಯಬಾರದು. ಎಷ್ಟು ನಿಧಾನವಾಗಿ ಓದಿದರೂ ಅಷ್ಟೇ ಇತ್ತು.

ಬೀಗದ ಕೈ ಇದ್ದದ್ದು ವಾಚ್‌ಮನ್ ಬಾಲಣ್ಣನ ಸೊಂಟದಲ್ಲಿ. ಕೇರಳದ ಗಡಿ ಮಾಕುಟ್ಟದ ಆಚೆಯ ಮಲಯಾಳಿ, ನನ್ನನ್ನು ಚೇಚಿ ಎನ್ನುತ್ತಾನೆ, ಅಕ್ಕ ಎಂದ ಹಾಗೆ. ಅವನ ಜೊತೆ ನನ್ನದೊಂದು ಕಳ್ಳ ವ್ಯವಹಾರ ನಡೆದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ನಾನು ದಿನಾ ಆ ಗೇಟಿನ ಹತ್ತಿರವೇ ನಿಂತು ಫೋಟೋ ತೆಗೆಯುವುದನ್ನು ನೋಡಿ ಅವನು ಹೆದರಿದ್ದ. ಒಂದು ದಿನ ಪೊರಕೆ ಹಿಡಿದು ಓಡಿ ಬಂದು, "ಚೇಚಿ, ಆ ಮೂಲೆ ತೆಗೀಬೇಡಿ ಕೇಟೋ, ಕೇಳಿದ್ರಾ. ಪ್ಲಾಸ್ಟಿಕ್ ಎಲ್ಲಾ ನಾಳೆ ಕ್ಲೀನ್ ಮಾಡ್ತೇನೆ" ಎಂದ. ನಾನು ಫೋಟೋಗಳನ್ನು ಪಂಚಾಯಿತಿ ಆಫೀಸಿಗೆ ಕಳಿಸಿ ದೂರು ಹೇಳುತ್ತೇನೆ ಎಂದು ಅವನ ಲೆಕ್ಕಾಚಾರ. ಅಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಆ ಮೆಟ್ಟಿಲ ಮೇಲೆ ಪಾಚಿ ಜಾಸ್ತಿ ಆಯ್ತಲ್ಲಾ ಬಾಲಣ್ಣ" ಎಂದು ಫೋನನ್ನು ಆ ಕಡೆ ತಿರುಗಿಸಿದೆ. ಮರುದಿನ ಪಾಚಿ ಇರಲಿಲ್ಲ. ಆಮೇಲೆ ಚಿಪ್ಸ್ ಪ್ಯಾಕೆಟ್ಟುಗಳು ಹೋದವು, ಬೇಲಿಗೆ ಸಿಕ್ಕಿದ್ದ ಹರಿದ ಬನಿಯನ್ನು ಹೋಯಿತು. ನಾನು ಯಾವ ಕಡೆ ಫೋನು ಹಿಡಿದರೆ ಆ ಕಡೆ ಬೆಳ್ಳಗಾಗುತ್ತಿತ್ತು. ಮಗಳು ಕಾಲಿಡುವ ಮೆಟ್ಟಿಲು ಎಂದು ಸಮಾಧಾನ ಮಾಡಿಕೊಂಡರೂ, ಸುಳ್ಳು ಸುಳ್ಳೇ.

ಐವತ್ತೈದು ದಿನವಾಯಿತು. ಇನ್ನು ಕೇಳದೆ ವಿಧಿಯಿಲ್ಲ. ಎಲ್ಲ ಹೇಳಿದರೆ ಅವನು ಸಿಟ್ಟಾಗಿ ಬೀಗ ತೆಗೆಯದಿದ್ದರೆ? ಎರಡು ದಿನ ಅವನ ಮುಂದೆ ಹೋಗಿ ಬರೀ ಕೆಮ್ಮಿ ಬಂದೆ. ಮೂರನೆಯ ದಿನ ರೂಪ, "ಇವತ್ತು ಕೇಳ್ದೆಯಾ?" ಎಂದು ಕೇಳಿದಳು. ನಲ್ಲಿ ಸಾಕು ಎಂದವಳೇ ಹೀಗೆ ಕೇಳಿದಳಲ್ಲ. ಕಂಚಿನ ಮಂಚದಲ್ಲಿ ಮಲಗಿಸಿದರೂ ಆ ಕೋಣೆ ಅವಳಿಗೆ ಸಾಕಾಗಿತ್ತು, ಅವಳ ಕಣ್ಣು ಆ ನೀರಿಗೆ ಹೋಗಿ ಕೂತಿತ್ತು. ಚಪ್ಪಲಿ ಮೆಟ್ಟಿ ಅದೇ ಗಳಿಗೆಯಲ್ಲಿ ಹೋದೆ.

"ಬಾಲಣ್ಣ, ನಾನು ಆಫೀಸಿಗೆ ಯಾವ ಫೋಟೋನೂ ಕಳಿಸ್ಲಿಲ್ಲ. ನನ್ನ ಅಳಿಯನಿಗೆ ಕಳಿಸ್ತಿದ್ದದ್ದು."

ಅವನು ಬೀಡಿ ಆರಿಸಿದ. "ಅರಿಯಾಂ ಚೇಚಿ, ಗೊತ್ತು. ಎರಡನೇ ವಾರದಲ್ಲೇ ಗೊತ್ತಾಯ್ತು. ಫೋನ್ ತಲೆಕೆಳಗೆ ಹಿಡ್ಕೊಂಡು ಫೋಟೋ ತೆಗಿಯೋರು ಕಂಪ್ಲೇಂಟ್ ಕೊಡೋ ಪಾರ್ಟಿ ಅಲ್ಲ."

"ಮತ್ತೆ ಗುಡಿಸಿದ್ದು ಯಾಕೆ?"

"ಈ ಕೆರೆನ ಎಲ್ಲಾರೂ ಒಂದ್ಸಲ ನೋಡ್ತಾರೆ, ಹೋಗ್ತಾರೆ. ದಿನಾ ಬಂದು ನೋಡೋರು ಒಬ್ರಾದ್ರೂ ಇದ್ರೆ ಗುಡಿಸೋಕೆ ಒಂದು ಮನಸ್ಸು ಬರ್ತದೆ."

ನಾನು ಬಾವಿ, ಬಾಣಂತಿ, ಕೊಡ ಎಲ್ಲವನ್ನೂ ಹೇಳಿದೆ. ಅವನು ತಲೆ ಕೆರೆದುಕೊಂಡು ಬೋರ್ಡು ನೋಡಿದ. ಗುರುವಾರ ಗುರುವಾರ ಕಳೆ ತೆಗೆಯಲು ಗೇಟು ತೆರೆಯುತ್ತಾನಂತೆ, ಆಗ ತಾನು ಪಕ್ಕದಲ್ಲಿ ನಿಂತಿರುತ್ತೇನೆ, ಕೊನೆಯ ಮೆಟ್ಟಿಲು ದಾಟಬಾರದು ಎಂದ. "ಇನ್ನೊಂದು ಮಾತು. ಎಲೆ, ಹೂ, ಅಡಿಕೆ, ಒಂದೂ ನೀರಿಗೆ ಹಾಕಬಾರದು. ದೇವರ ಹೆಸರು ಹೇಳಿ ಹಾಕಿದ ಕಸನೇ ತೆಗಿಯೋಕೆ ಕಷ್ಟ."

ಅರವತ್ತನೆಯ ದಿನ ಮಂಗಳವಾರ ಬರುತ್ತಿತ್ತು. ಅರವತ್ತೆರಡು ಮಾಡಿಕೊಂಡೆವು. ಬಾವಿಗೆ ಬಿದ್ದ ನನ್ನ ಕೊಡವನ್ನು ಇಟ್ಟುಕೊಳ್ಳದೆ ಹಿಂದಕ್ಕೆ ಕೊಟ್ಟ ಗಂಗೆ, ಎರಡು ದಿನಕ್ಕೆ ಮುನಿಯುತ್ತಾಳೆಯೇ?

ಗುರುವಾರ ಬೆಳಿಗ್ಗೆ ಹೊರಟೆವು. ಮುಂದೆ ಯಜಮಾನರು, ಮಳೆಯೂ ಇಲ್ಲ ಬಿಸಿಲೂ ಇಲ್ಲ, ಆದರೂ ಕೂಸಿನ ಮೇಲೆ ಕೊಡೆ ಹಿಡಿದು, ಜೀಪು ಹಿಂದಕ್ಕೆ ತೆಗೆಯುವ ಹಾಗೆ ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಾ. ನಡುವೆ ರೂಪ, ಎದೆಗೆ ಕೂಸು. ಹಿಂದೆ ನಾನು, ಸೊಂಟದಲ್ಲಿ ತಗ್ಗಿನ ಕೊಡ. ಕೆರೆ ಕಾಣುವ ತಿರುವಿನಲ್ಲಿ ರೂಪ ನಿಂತುಬಿಟ್ಟಳು. ನೋವಾಯಿತೇನೋ ಎಂದು ಓಡಿದೆ. ಅವಳು ನೋಡುತ್ತಿದ್ದಳು. "ಫೋಟೋದಲ್ಲಿ ಸಣ್ಣದಿತ್ತಲ್ಲ ಅವ್ವ" ಎಂದಳು.

ಬಾಲಣ್ಣ ಒಗೆದ ಅಂಗಿ ಹಾಕಿಕೊಂಡು ಗೇಟು ತೆರೆದು ನಿಂತಿದ್ದ. ಮೆಟ್ಟಿಲ ಮೇಲೆ ಉಂಡು ಏಳಬಹುದಿತ್ತು, ಅಷ್ಟು ಶುಚಿ. ಕೂಸನ್ನು ಯಜಮಾನರ ಕೈಗೆ ಕೊಟ್ಟು ರೂಪ ನಿಧಾನವಾಗಿ ಕೊನೆಯ ಮೆಟ್ಟಿಲಲ್ಲಿ ಕೂತಳು. ಎಲೆಯಡಿಕೆಯನ್ನು ಕಲ್ಲಿನ ಮೇಲೆ ಇಟ್ಟು ಕೈಮುಗಿದು ಮತ್ತೆ ನನ್ನ ಸೆರಗಿಗೆ ಕಟ್ಟಿಕೊಂಡೆ. ಈಗ ಅದು ತುಳಸಿಯ ಬುಡದಲ್ಲಿದೆ. ಗಂಧ ಕುಂಕುಮ ಕಲಸಿ ಬೊಟ್ಟಿಡುತ್ತಾ ಬಂದೆ. ಮೆಟ್ಟಿಲಿಗೆ, ಕೊಡಕ್ಕೆ, ರೂಪಳಿಗೆ, ಕೂಸಿಗೆ. ಬಾಲಣ್ಣನೂ ಹಣೆ ಒಡ್ಡಿದ. ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಇನ್ನು ಯಾರಿದ್ದಾರೆ ಎಂದು ಸುತ್ತ ನೋಡಿದ್ದು ನೆನಪಿದೆ.

ರೂಪ ಕೊಡ ಬಾಗಿಸಿದಳು. ನೀರು ಗುಳುಗುಳು ಎಂದು ಒಳಗೆ ಹೋಯಿತು. ಆ ಸದ್ದಿಗೆ ಕೂಸು ಕಣ್ಣು ಬಿಟ್ಟಿತು. ಅಳಲಿಲ್ಲ. ಯಜಮಾನರು ಅದನ್ನು ಬಗ್ಗಿಸಿ ಹಿಡಿದರು, ರೂಪ ಒದ್ದೆ ಬೆರಳಿನಿಂದ ಅದರ ಅಂಗಾಲು ಮುಟ್ಟಿದಳು, ಅದು ಕಾಲನ್ನು ಒಳಗೆ ಎಳೆದುಕೊಂಡು ಮತ್ತೆ ಚಾಚಿತು. ಇಷ್ಟು ದಿನ ಕೆರೆಯ ಮೇಲೆ ಕೈ ಪಳಗಿಸಿಕೊಂಡದ್ದು ಈ ಒಂದು ಗಳಿಗೆಗೆ. ನನ್ನ ಕಣ್ಣಿನ ತುಂಬ ನೀರು, ಫೋನಿನಲ್ಲಿ ಏನಿದೆ ಎಂದೇ ಕಾಣಲಿಲ್ಲ. ಒತ್ತಿದೆ. ಅಲ್ಲೇ ನಿಂತು ಅಳಿಯನಿಗೆ ಕಳಿಸಿಯೂ ಬಿಟ್ಟೆ.

ಮನೆಗೆ ಬಂದು, ಕೊಡವನ್ನು ದೇವರ ಮುಂದೆ ಇಳಿಸುತ್ತಿರುವಾಗ ರೂಪ ಕೇಳಿದಳು, "ಅವ್ವ, ಫೋನು ತಾ ನೋಡುವ." ಕೊಟ್ಟೆ. ಅವಳು ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು.

ಇಟ್ಟಿದ್ದೆ. ಬೆರಳಲ್ಲಿ ಉಳಿದದ್ದನ್ನು ಅಲ್ಲಿಗೇ ಇಟ್ಟಿದ್ದೆ. ಅಷ್ಟೂ ದಿನ ಜೊತೆಗಿದ್ದ ಸಾಮಾನು, ಅದಕ್ಕೊಂದು ಬೊಟ್ಟು ಬೇಡವೇ ಎಂದು ಕೈ ತನ್ನಷ್ಟಕ್ಕೆ ಹೋಗಿರಬೇಕು. ಫೋಟೋದಲ್ಲಿ ಕೆಂಪು ಕೆರೆ, ಕೆಂಪು ಅಜ್ಜ, ಕೆಂಪು ಅಮ್ಮ, ನಡುವೆ ಕೆಂಪು ಕೂಸೊಂದು ಕಾಲು ಚಾಚಿದೆ. ರೂಪ ಈ ಸಲ ಹೊಟ್ಟೆ ಹಿಡಿದುಕೊಳ್ಳದೆ ನಕ್ಕಳು, ಹೊಲಿಗೆ ಮಾಗಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಎರಡು ತಿಂಗಳು ಕಾಯಿಸಿ ಅಪ್ಪನಿಗೆ ತೋರಿಸಿದ ಮೊದಲ ಮುಖ ಇದು.

ಅಳಿಯನ ಫೋನು ಬರಲು ಸಂಜೆಯಾಯಿತು. ಕ್ಷಮಿಸಪ್ಪಾ ಎಂದು ಹೇಳಲು ಬಾಯಿ ತೆರೆದಿದ್ದೆ.

"ಅತ್ತೆ," ಎಂದ. ಅವನ ಹಿಂದೆ ಗಾಳಿಯ ಸದ್ದು. "ನಮ್ಮ ಕೆರೆ ಬಣ್ಣವೇ ಬಂದುಟ್ಟಲ್ಲಾ ಕೂಸಿಗೆ."

ಸರಿಯಾದ ಫೋಟೋಗಳು ಆಮೇಲೆ ಎಷ್ಟೋ ಹೋದವು. ಕಣ್ಣು, ಮೂಗು, ತಲೆ ತುಂಬ ಕೂದಲು ಎಲ್ಲ ಕಾಣುವಂಥವು. ಬೆಟಾಲಿಯನ್ ಪೂರ್ತಿ ನೋಡಿತಂತೆ, ನೋಡಲಿ. ಅವನು ತನ್ನ ಫೋನಿನ ಮುಖಕ್ಕೆ ಹಾಕಿಕೊಂಡಿರುವುದು ಮಾತ್ರ ಆ ಕೆಂಪು ಫೋಟೋವನ್ನೇ. ಈಗ ನಾನೂ ರೂಪಳೂ ಕೂಸಿನ ಜೊತೆ ದಿನಾ ಸಂಜೆ ಬೆಂಚಿನ ಮೇಲೆ ಕೂರುತ್ತೇವೆ. ನಾನೀಗ ಅವರೆಕಾಯಿ ತರುವುದಿಲ್ಲ, ಮಡಿಲಲ್ಲಿ ಜಾಗವಿಲ್ಲ. ಬಾಲಣ್ಣ ದೂರದಿಂದಲೇ ಕೂಸಿಗೆ ಸೆಲ್ಯೂಟ್ ಹೊಡೆದು ಗುಡಿಸಲು ಹೋಗುತ್ತಾನೆ.

ಮುಂದಿನ ತಿಂಗಳು ಅಳಿಯನಿಗೆ ರಜೆ ಸಿಕ್ಕಿದೆ. ಬಂದ ದಿನವೇ ಆ ಕೆಂಪು ಕೆರೆ ತೋರಿಸಬೇಕು ಎಂದು ಹಟ ಹಿಡಿದಿದ್ದಾನೆ. ಅಂಥ ಕೆರೆ ಇಲ್ಲವಪ್ಪಾ, ಅದು ನನ್ನ ಬುದ್ಧಿ ಮಾಡಿದ ಕೆಲಸ ಎಂದರೂ ಕೇಳುತ್ತಿಲ್ಲ. ಬರಲಿ. ಕುಂಕುಮದ ಭರಣಿ ಮನೆಯಲ್ಲೇ ಇದೆ.